ನಿಲ್ಲಿಸಬಾರದ ಪದ್ಯ

ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಮಧುಮತಿ ನೇರವಾಗಿ ಮನೆಗೆ ಹೋಗುತ್ತಿರಲಿಲ್ಲ. ಜಯನಗರದಲ್ಲಿ ಬಸ್ಸು ಹತ್ತಿ ಬಿಟಿಎಂ ಲೇಔಟಿನಲ್ಲಿ ಇಳಿದು, ತರಕಾರಿ ಗಾಡಿಗಳನ್ನು ದಾಟಿ, ಬೇಕರಿಯ ಮೇಲಿದ್ದ ಸೈಬರ್ ಕೆಫೆಯ ಕಬ್ಬಿಣದ ಮೆಟ್ಟಿಲು ಹತ್ತುತ್ತಿದ್ದಳು. ಅಲ್ಲಿ ಹಲಗೆ ಹೊಡೆದ ಗೂಡುಗಳಲ್ಲಿ ಕೂತವರೆಲ್ಲ ಕಾಲೇಜು ಹುಡುಗರು. ಕೆಲವರು ಕೆಲಸಕ್ಕೆ ಅರ್ಜಿ ಕಳಿಸುತ್ತಿದ್ದರು, ಉಳಿದವರು ಬೇರೆ ದೇಶದ ಹುಡುಗಿಯರ ಜೊತೆ ಚಾಟ್ ಮಾಡುತ್ತಿದ್ದರು. ಅವರ ನಡುವೆ ಊಟದ ಡಬ್ಬಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ, ನಲವತ್ತು ದಾಟಿದ ಈ ಹೆಂಗಸು ಪ್ರಿಂಟ್ ತೆಗೆಸಿಕೊಳ್ಳುತ್ತಿದ್ದದ್ದು ಹಳೆಯ ಷಟ್ಪದಿ ಕಾವ್ಯವೊಂದರ ಪದ್ಯಗಳನ್ನು. ಇದು ಎರಡು ಸಾವಿರದ ಮೂರನೇ ಇಸವಿಯ ಮಾತು.

ಆಫೀಸಿನಲ್ಲಿ ಅವಳ ಮೇಜಿನ ಮೇಲೆ ಆ ಹಾಳೆಗಳನ್ನು ಕಂಡವರು, "ಏನ್ ಮೇಡಂ, ಡಿಪಾರ್ಟ್‌ಮೆಂಟ್ ಎಕ್ಸಾಮ್ ಕಟ್ಟಿದೀರಾ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ, "ಮತ್ತೆ ಯಾಕೆ ಓದ್ತೀರಾ?" ಪರೀಕ್ಷೆಗೂ ಅಲ್ಲದೆ ಪುಣ್ಯಕ್ಕೂ ಅಲ್ಲದೆ ಸುಮ್ಮನೆ ರುಚಿಗೆ ಓದುವವರನ್ನು ಕಂಡರೆ ನಮ್ಮ ಜನಕ್ಕೆ ಯಾವತ್ತೂ ಒಂದು ಅನುಮಾನ. ಧಾರವಾಡದಲ್ಲಿ ಬಿ.ಎ. ಮಾಡುವಾಗ ಇದೇ ಕಾವ್ಯದ ಒಂದು ತುಂಡು ಅವಳಿಗೆ ಪಠ್ಯವಾಗಿತ್ತು. ಗೈಡು ಉರು ಹೊಡೆದು ಪಾಸಾಗಿದ್ದಳೇ ಹೊರತು, ಅದರೊಳಗೆ ಮನುಷ್ಯರಿದ್ದಾರೆ ಎಂದು ಅವಳಿಗೆ ಆಗ ಹೊಳೆದಿರಲಿಲ್ಲ. ಹೊಳೆದದ್ದು ಈಗ, ಇಷ್ಟು ತಡವಾಗಿ, ಗಂಡ ಹೋದ ಮೇಲೆ.

ಈ ಪದ್ಯಗಳು ಬರುತ್ತಿದ್ದ ಇ-ಮೇಲ್ ಗುಂಪಿಗೆ ಅವಳನ್ನು ಸೇರಿಸಿದವಳು ಆಫೀಸಿಗೆ ಹೊಸದಾಗಿ ಬಂದಿದ್ದ ಧೃತಿ. "ಮೇಡಂ, ನಮ್ಮ ತಾತನ ಫ್ರೆಂಡ್ ಒಬ್ರು ಇಂಟರ್‌ನೆಟ್ಟಲ್ಲಿ ಬುಕ್ ಕ್ಲಬ್ ಥರ ನಡೆಸ್ತಾರೆ. ಹಳೇ ಪೊಯೆಟ್ರಿ. ಸಖತ್ ಬೋರು ನನಗೆ. ನಿಮಗೆ ಹಿಡಿಸಬಹುದು," ಎಂದು ಹೇಳಿ, ಅವಳಿಗೊಂದು ಇ-ಮೇಲ್ ವಿಳಾಸ ಮಾಡಿಕೊಟ್ಟು ತನ್ನ ಪಾಡಿಗೆ ಹೋಗಿದ್ದಳು.

ಆ ತಾತನ ಫ್ರೆಂಡು ಎಂದರೆ ತ್ಯಾಗರಾಜನಗರದ ಸೇತುರಾಮ ರಾಯರು. ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಆ ಕಾವ್ಯದ ಹಳೆಯ ಅಚ್ಚು ಅಂಗಡಿಗಳಲ್ಲಿ ಸಿಗದೆ ಎಷ್ಟೋ ಕಾಲವಾಗಿತ್ತು. ರಾಯರ ಹತ್ತಿರ ಅವರ ತಂದೆಯ ಪ್ರತಿ ಇತ್ತು. ಅದರಿಂದ ವಾರಕ್ಕೆ ಮೂವತ್ತು ಪದ್ಯ ಟೈಪು ಮಾಡಿ ಗುಂಪಿಗೆ ಕಳಿಸುತ್ತಿದ್ದರು. ಓದಿದವರು ತಮಗೆ ತೋಚಿದ್ದು ಬರೆಯುತ್ತಿದ್ದರು. ಮೈಸೂರಿನವರು, ಮುಂಬಯಿಯವರು, ಯಾವುದೋ ಸಮುದ್ರದಾಚೆಯವರು, ಎಲ್ಲರೂ ಇದ್ದರು. ಮಧುಮತಿ ಏನೂ ಬರೆಯುತ್ತಿರಲಿಲ್ಲ, ಓದುತ್ತಿದ್ದಳು ಅಷ್ಟೇ. ಕಾಗದ ಬರೆದು ಬೆಳೆದ ರಾಯರು ಪ್ರತಿ ಇ-ಮೇಲಿನ ಕೆಳಗೂ ಮನೆ ನಂಬರು, ಅಡ್ಡರಸ್ತೆ, ಪಿನ್ ಕೋಡು ಸಮೇತ ಪೂರ್ತಿ ವಿಳಾಸ ಹಾಕುತ್ತಿದ್ದರು. ಅದನ್ನು ಕಂಡು ಕಿರಿಯರು ನಗುತ್ತಿದ್ದರು.

ಆಗ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಿಸುವುದು ದೊಡ್ಡ ಗೋಳು. ಒಬ್ಬರ ಫಾಂಟು ಇನ್ನೊಬ್ಬರಲ್ಲಿ ತೆರೆಯುತ್ತಿರಲಿಲ್ಲ. ಹಾಗಾಗಿ ಪದ್ಯಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರುತ್ತಿದ್ದವು. ಆ ಹಾಳೆಯ ಮೇಲೆ ಕಣ್ಣಾಡಿಸಿದರೆ ಒಂದು ಶಬ್ದವೂ ಅರ್ಥವಾಗುತ್ತಿರಲಿಲ್ಲ. ಬಾಯಿ ಬಿಟ್ಟು ಓದಬೇಕು, ಆಗ ತನ್ನದೇ ಕಿವಿಗೆ ಕನ್ನಡ ಕೇಳಿಸಬೇಕು. ಹೀಗಾಗಿ ಮಧುಮತಿ ಮನೆಯಲ್ಲಿ ಗಟ್ಟಿಯಾಗಿ ಓದತೊಡಗಿದಳು. ಗಟ್ಟಿಯಾಗಿ ಓದಿದ್ದರಿಂದಲೇ ಒಳಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ದುಂಡವ್ವನ ಕೈ ನಿಂತದ್ದು.

ದುಂಡವ್ವ ಅವಳ ಅತ್ತೆ. ಗಂಡ ಗುರುಸಿದ್ದ ಗದಗಿನ ಕಡೆಯವನು, ಬೆಂಗಳೂರಲ್ಲಿ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸಕ್ಕಿದ್ದ. ಮಕ್ಕಳಿರಲಿಲ್ಲ. ಎರಡು ವರ್ಷದ ಹಿಂದೆ ಬನ್ನೇರುಘಟ್ಟ ರಸ್ತೆಯಲ್ಲಿ ಅವನ ಸ್ಕೂಟರಿಗೆ ಲಾರಿ ತಾಗಿತು. ಆಸ್ಪತ್ರೆಯಲ್ಲಿ ಒಂದು ದಿನ ಜೀವ ಹಿಡಿದುಕೊಂಡಿದ್ದ. ಊರಿಂದ ಹೊರಟ ತಾಯಿಯ ಬಸ್ಸು ತುಮಕೂರು ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಂಡಸರು ಅವಸರ ಮಾಡಿ ಹೆಣವನ್ನು ವ್ಯಾನಿನಲ್ಲಿ ಹಾಕಿ ಊರಿಗೆ ಹೊರಡಿಸಿಬಿಟ್ಟರು. ಆಗತಾನೇ ಬಂದಿಳಿದ ದುಂಡವ್ವನನ್ನು ಡ್ರೈವರನ ಪಕ್ಕ ಕೂರಿಸಿದರು. ಲಾರಿ ನಂಬರು, ಪೊಲೀಸು, ಹೆಲ್ಮೆಟ್ಟು ಎಲ್ಲದರ ಬಗ್ಗೆಯೂ ದಾರಿಯುದ್ದಕ್ಕೂ ಅವಳಿಗೆ ಹೇಳಿದರು. ಮಗನ ಕೊನೆಯ ಹೊತ್ತು ಹೇಗಿತ್ತು ಎಂದು ಹೇಳಿದವರಿಲ್ಲ. ಅದು ಗೊತ್ತಿದ್ದವಳು ಮಧುಮತಿ ಒಬ್ಬಳೇ, ಅವಳು ಬಾಯಿ ಬಿಡಲಿಲ್ಲ.

ಅವಳು ಬಾಯಿ ಬಿಡದ್ದಕ್ಕೆ ಕಾರಣವಿತ್ತು. ಗುರುಸಿದ್ದ ನೀರು ಕೇಳಿದ್ದ. ಆಪರೇಷನ್ ಆಗಬೇಕು, ಒಂದು ಹನಿಯೂ ಕೊಡಬೇಡಿ ಎಂದು ನರ್ಸು ಹೇಳಿ ಹೋಗಿದ್ದಳು. ಅವನು ಮತ್ತೆ ಕೇಳಿದ. ಮಧುಮತಿ ಸುತ್ತ ನೋಡಿ, ಚಮಚದಲ್ಲಿ ನೀರು ಕುಡಿಸಿದಳು. ಸ್ವಲ್ಪ ಹೊತ್ತಿನಲ್ಲೇ ಅವನ ಉಸಿರು ಕೆಟ್ಟು, ಹಾಸಿಗೆಯ ಸುತ್ತ ಜನ ಓಡಾಡಿ, ಆಪರೇಷನ್ನಿನ ಮಾತೇ ಬರದ ಹಾಗಾಯಿತು. ತಾನು ಕೊಟ್ಟ ನೀರೇ ಅವನ ಪ್ರಾಣ ತೆಗೆಯಿತೋ ಏನೋ ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಡಾಕ್ಟರನ್ನು ಕೇಳುವ ಧೈರ್ಯ ಬರಲಿಲ್ಲ. ಹೌದು ಎಂದುಬಿಟ್ಟರೆ?

ಕಾರ್ಯಗಳೆಲ್ಲ ಮುಗಿದ ಮೇಲೆ ದುಂಡವ್ವ, "ಒಬ್ಬಾಕೀನ ಹೆಂಗ ಬಿಡೂದು? ಒಂದ ತಿಂಗಳ ಇದ್ದ ಬರ್ತೀನಿ," ಎಂದು ಸೊಸೆಯ ಜೊತೆ ಬೆಂಗಳೂರಿಗೆ ಬಂದಳು. ತಿಂಗಳು ಕಳೆಯಿತು, ವರ್ಷ ಕಳೆಯಿತು. ಮನೆಯಲ್ಲಿ ಜಗಳವೇನೂ ಇರಲಿಲ್ಲ. ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು. ಹಾಲು ಬಂತಾ, ಕರೆಂಟು ಹೋಯಿತಾ ಎಂಬುದರ ಆಚೆಗೆ ಮಾತಿರಲಿಲ್ಲ. ಅತ್ತೆ ಅತ್ತದ್ದನ್ನು ಸೊಸೆ ನೋಡಲಿಲ್ಲ, ಸೊಸೆ ಅತ್ತದ್ದನ್ನು ಅತ್ತೆ ನೋಡಲಿಲ್ಲ. ಅತ್ತೆಯ ಮುಖ ನೋಡಿದಾಗಲೆಲ್ಲ ಮಧುಮತಿಗೆ ಆ ಚಮಚ ನೆನಪಾಗುತ್ತಿತ್ತು.

ಇಂಥ ಮನೆಯಲ್ಲಿ ಆ ಶನಿವಾರ ದುಂಡವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬಾಗಿಲಲ್ಲಿ ನಿಂತಳು.

"ಹಂಗಲ್ಲ ಅದು. ಎಳದು ಅನ್ನಬೇಕು," ಎಂದಳು.

ಅವಳ ಊರಿನ ಮಠದಲ್ಲಿ ಶ್ರಾವಣ ಬಂತೆಂದರೆ ಸಂಜೆಗೊಂದು ಪುರಾಣ. ಒಬ್ಬರು ಪದ್ಯ ಹಾಡುವುದು, ಇನ್ನೊಬ್ಬರು ಅರ್ಥ ಹೇಳುವುದು. ಕೂತವರು ಸುಮ್ಮನೆ ಕೂರುವುದಿಲ್ಲ. ಅವ ಯಾಕ ಹಂಗ ಮಾಡಿದ, ಮುಂದ ಆಕಿ ಏನಂದ್ಲು ಎಂದು ನಡುನಡುವೆ ಕೇಳುತ್ತಾರೆ. ಕೇಳಿದ್ದಕ್ಕೆ ಓದುವವರು ಉತ್ತರ ಹೇಳಿಯೇ ಮುಂದೆ ಹೋಗಬೇಕು, ಅದು ಅಲ್ಲಿಯ ಪದ್ಧತಿ. ದುಂಡವ್ವ ಅಕ್ಷರ ಕಲಿತವಳಲ್ಲ, ಆದರೆ ಹೀಗೆ ಕೇಳುತ್ತ ಬೆಳೆದವಳು. ಮುಂದಿನ ಶನಿವಾರ ಅವಳೇ ದೇವರ ಮುಂದಿನ ಹಿತ್ತಾಳೆ ದೀಪ ತಂದು ಹಾಲಿನಲ್ಲಿಟ್ಟು ಹಚ್ಚಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಅವತ್ತಿನಿಂದ ವಾರಕ್ಕೊಂದು ಸಂಜೆ ಆ ಮನೆಯಲ್ಲಿ ಮಾತು ಹುಟ್ಟಿತು. ತಮ್ಮ ಬಗ್ಗೆ ಅಲ್ಲ, ರಾಜರ ಬಗ್ಗೆ, ಅವರ ಹೆಂಡಿರ ಬಗ್ಗೆ, ಜೂಜಿನ ಬಗ್ಗೆ, ಕಾಡಿನ ಬಗ್ಗೆ. ಮಧುಮತಿಗೆ ಅಷ್ಟೇ ಸಾಕಾಗಿತ್ತು. ಶನಿವಾರ ಯಾವಾಗ ಬರುತ್ತದೋ ಎಂದು ಅವಳು ಸೋಮವಾರದಿಂದಲೇ ಕಾಯುತ್ತಿದ್ದಳು.

ಒಂದೇ ಒಂದು ಮಾತು ಅವಳನ್ನು ಚುಚ್ಚುತ್ತಿತ್ತು. ಊರಿನಿಂದ ದೊಡ್ಡ ಮಗ ಭೀಮರಾಯ ಫೋನು ಮಾಡಿ ಕರೆದಾಗಲೆಲ್ಲ ದುಂಡವ್ವ, "ಈ ಪುರಾಣ ಒಂದ ಮುಗೀಲಿ, ಬಂದಬಿಡ್ತೀನಿ," ಎನ್ನುತ್ತಿದ್ದಳು. ಯಾವುದನ್ನು ಓದುವುದು ಅಷ್ಟು ಸುಖವಾಗಿತ್ತೋ ಅದು ಮುಗಿಯುವುದೇ ಮಧುಮತಿಗೆ ಬೇಡವಾಗಿತ್ತು.

ಬೇಸಗೆಯ ಒಂದು ಶನಿವಾರ ಯುದ್ಧದ ಭಾಗ ಬಂತು. ಚಿಕ್ಕ ವಯಸ್ಸಿನ ರಾಜಕುಮಾರನೊಬ್ಬ ಶತ್ರುಗಳ ನಡುವೆ ಸಿಕ್ಕಿಬಿದ್ದು ಸಾಯುತ್ತಾನೆ. ಮೂವತ್ತನೆಯ ಪದ್ಯದಲ್ಲಿ ಹುಡುಗ ನೆಲಕ್ಕೆ ಬಿದ್ದ. ಕೆಳಗೆ ರಾಯರ ವಿಳಾಸ, ಪಿನ್ ಕೋಡು. ಮಧುಮತಿ ಹಾಳೆ ಮಡಿಸಿದಳು.

"ಮುಂದ ಓದು," ಎಂದಳು ದುಂಡವ್ವ.

"ಇಷ್ಟ ಐತ್ರಿ ಅತ್ತಿ. ಮುಂದಿಂದು ಬರೂ ವಾರ."

"ಇಲ್ಲಿ ನಿಲ್ಲಸೂಹಂಗಿಲ್ಲ." ದುಂಡವ್ವ ನೆಟ್ಟಗೆ ಕೂತಳು. "ಹುಡುಗ ಬಯಲಾಗ ಬಿದ್ದಾನ. ಅವರವ್ವಗ ಇನ್ನೂ ಸುದ್ದಿ ಮುಟ್ಟಿಲ್ಲ. ಸುದ್ದಿ ಮುಟ್ಟಬೇಕು, ಆಕಿ ಅಳಬೇಕು, ಹಿರ್ಯಾರು ಬಂದು ಸಮಾಧಾನ ಹೇಳಬೇಕು. ಅಲ್ಲೀತನಕ ಓದೂದು ಬಿಡಬಾರದು, ದೀಪ ಆರಬಾರದು. ನಮ್ಮ ಮಠದಾಗ ಈ ಪದ ಬಂದ ದಿನ ಒಬ್ಬರೂ ಎದ್ದು ಹೋಗತಿದ್ದಿಲ್ಲ. ಅರ್ಧಕ್ಕ ನಿಂತರ ಅಳು ಮನ್ಯಾಗ ಉಳೀತೈತಿ ಅಂತಿದ್ರು."

"ನನ್ನ ಕಡೆ ಪುಸ್ತಕ ಇಲ್ರಿ. ಏನ ಮಾಡ್ಲಿ?"

ದುಂಡವ್ವ ಅಡುಗೆಮನೆಯಿಂದ ಎಣ್ಣೆಯ ಡಬ್ಬಿ ತಂದು ದೀಪಕ್ಕೆ ತುಂಬ ಹಾಕಿದಳು. "ಹಂಗಾರ ಅಲ್ಲೀತನಕ ಇದು ಇರಲಿ," ಎಂದಳು.

ಆ ವಾರವಿಡೀ ದೀಪ ಉರಿಯಿತು. ಗಾಳಿಗೆ ಆರಬಾರದೆಂದು ಆ ಸೆಕೆಯಲ್ಲೂ ಫ್ಯಾನ್ ಹಾಕಲು ಬಿಡಲಿಲ್ಲ, ಕಿಟಕಿ ತೆಗೆಯಲು ಬಿಡಲಿಲ್ಲ. ಮಧುಮತಿ ಆಫೀಸಿಗೆ ಹೋದರೆ ದುಂಡವ್ವ ಅದರ ಮುಂದೆಯೇ ಕೂತಿರುತ್ತಿದ್ದಳು. ಬಾಡಿಗೆ ಮಾತಾಡಲು ಬಂದ ಮನೆ ಓನರ್ ಯಲ್ಲಮ್ಮ ಇಣುಕಿ ನೋಡಿ, "ಏನಜ್ಜಿ, ಪೂಜೆ ಏನಾದ್ರೂ ಇಟ್ಕೊಂಡಿದೀರಾ?" ಎಂದು ಕೇಳಿದಳು. "ಹೂಂನವಾ," ಎಂದಳು ದುಂಡವ್ವ.

ಮುಂದಿನ ಶನಿವಾರ ಮಧುಮತಿ ಆಫೀಸಿನಿಂದ ಓಡಿಕೊಂಡೇ ಸೈಬರ್ ಕೆಫೆಗೆ ಹೋದಳು. ಗುಂಪಿನಲ್ಲಿ ರಾಶಿ ಇ-ಮೇಲ್ ಇದ್ದವು, ರಾಯರದ್ದು ಮಾತ್ರ ಇರಲಿಲ್ಲ. ಉಳಿದವರಲ್ಲಿ ದೊಡ್ಡ ವಾದ ನಡೆದಿತ್ತು. ಹುಡುಗ ಸತ್ತು ಬಿದ್ದಿದ್ದಾನೆ, ಈ ಪಂಡಿತರು ಅವನ ರಕ್ತಕ್ಕೆ ಕೊಟ್ಟ ಹೋಲಿಕೆ ಉಪಮೆಯೋ ರೂಪಕವೋ ಎಂದು ಹೊಡೆದಾಡುತ್ತಿದ್ದರು. ಒಬ್ಬನಿಗಾದರೂ ಅವನ ತಾಯಿಯ ನೆನಪು ಬಂದಿರಲಿಲ್ಲ. ಮಧುಮತಿಗೆ ಎಂದೂ ಬರದ ಸಿಟ್ಟು ಬಂತು. ಅವಳು ಮೊದಲ ಸಲ ಗುಂಪಿಗೆ ಬರೆದಳು: ಮುಂದಿನ ಪದ್ಯಗಳು ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ. ಕತ್ತಲಾಗುವವರೆಗೂ ಕಾದಳು, ಉತ್ತರ ಬರಲಿಲ್ಲ.

ಮನೆಗೆ ಬಂದಾಗ ದುಂಡವ್ವ ಮುಖ ನೋಡಲಿಲ್ಲ, ಕೈ ನೋಡಿದಳು.

"ಬಂದಿಲ್ಲ?"

"ಬಂದಿಲ್ರಿ ಅತ್ತಿ."

ದುಂಡವ್ವ ದೀಪದ ಕುಡಿ ತೀಡಿದಳು. ಅದನ್ನೇ ನೋಡುತ್ತ ಹೇಳಿದಳು: "ನಮ್ಮ ಮನ್ಯಾಗೂ ಹಿಂಗ ಅರ್ಧಕ್ಕ ನಿಂತೈತಿ, ಮಧು."

ಎರಡು ವರ್ಷದಲ್ಲಿ ಅವಳು ಸೊಸೆಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮಧುಮತಿ ಚೀಲದಿಂದ ಹಳೆಯ ಪ್ರಿಂಟು ತೆಗೆದು ರಾಯರ ವಿಳಾಸ ಓದಿಕೊಂಡಳು. ಕಿರಿಯರು ನಗುತ್ತಿದ್ದ ಪಿನ್ ಕೋಡು ಈಗ ಕೆಲಸಕ್ಕೆ ಬಂತು.

ಮಾರನೆಯ ಬೆಳಗ್ಗೆ ತ್ಯಾಗರಾಜನಗರದ ಆ ಮನೆಯ ಬಾಗಿಲು ತೆರೆದವರು ಕಪ್ಪು ಕನ್ನಡಕ ಹಾಕಿದ್ದ ಎತ್ತರದ ಮುದುಕರು. ಕನ್ನಡಕದ ಒಳಗೆ ಒಂದು ಕಣ್ಣಿಗೆ ಹತ್ತಿಯ ಪಟ್ಟಿ.

"ಯಾರಮ್ಮ?"

"ನಮಸ್ಕಾರ ಸಾರ್. ನಾನು ಮಧುಮತಿ ಅಂತ. ನಿಮ್ಮ ಗ್ರೂಪಲ್ಲಿ ಓದ್ತೀನಿ."

"ಓ! ಬಾಮ್ಮ ಒಳಗೆ. ನೋಡು, ಕಣ್ಣಿನ ಪೊರೆ ತೆಗೆಸ್ಕೊಂಡೆ. ತಿಂಗಳು ಕಂಪ್ಯೂಟರ್ ನೋಡಬಾರದು ಅಂದಿದಾರೆ. ಗ್ರೂಪಿಗೆ ತಿಳಿಸೋಣ ಅಂದ್ರೆ ಅದಕ್ಕೂ ಕಂಪ್ಯೂಟರೇ ನೋಡ್ಬೇಕಲ್ಲ!" ರಾಯರು ನಕ್ಕರು. ಅವರ ಹೆಂಡತಿ ಗೋವಿಂದಮ್ಮ ಕಾಫಿ ತಂದಿಟ್ಟರು.

ಮಧುಮತಿ ಲೋಟ ಮುಟ್ಟಲಿಲ್ಲ. "ಸಾರ್, ಹೋದ ಸಲದ ಪದ್ಯ ಎಲ್ಲಿ ನಿಂತಿದೆ ಅಂತ ನೆನಪಿದೆಯಾ?"

"ಎಲ್ಲಿ?"

"ಹುಡುಗ ಬೀಳ್ತಾನಲ್ಲ ಸಾರ್, ಅಲ್ಲಿ."

ರಾಯರ ನಗು ನಿಂತಿತು. ಕುರ್ಚಿಯ ಕೈ ತಡವಿಕೊಂಡು ಕೂತರು. "ಅಯ್ಯೋ ರಾಮ. ಅಲ್ಲಿ ನಿಲ್ಲಿಸಿಬಿಟ್ನಾ? ಮಾರನೇ ದಿನ ಆಪರೇಷನ್ನು, ಆ ಗಡಿಬಿಡೀಲಿ ಮೂವತ್ತು ಎಣಿಸಿ ಕತ್ತರಿಸಿ ಕಳಿಸಿದೀನಿ ಕಣಮ್ಮ. ಗಮಕಿಗಳ ಮನೇಲಿ ಹುಟ್ಟಿ ಇಂಥ ಕೆಲಸ ಮಾಡಿದೀನಲ್ಲ. ನಮ್ಮಪ್ಪ ಇದ್ದಿದ್ರೆ ಕಪಾಳಕ್ಕೆ ಹೊಡೀತಿದ್ರು."

"ನಮ್ಮ ಅತ್ತೆ ಕೇಳ್ತಾರೆ ಸಾರ್. ಮನೇಲಿ ಅವತ್ತು ಹಚ್ಚಿದ ದೀಪ ಇನ್ನೂ ಉರೀತಾ ಇದೆ."

ರಾಯರು ಯಾಕೆ, ಏನು ಎಂದು ಕೇಳಲಿಲ್ಲ. ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ಪುಸ್ತಕವನ್ನು ಕೊಟ್ಟು ಕಳಿಸುವ ಹಾಗಿರಲಿಲ್ಲ, ಹಾಳೆ ಮುಟ್ಟಿದರೆ ಮುರಿಯುತ್ತಿತ್ತು. ಗೋವಿಂದಮ್ಮನೇ ಹೇಳಿದರು: "ಅವರನ್ನೇ ಕರ್ಕೊಂಡು ಬಾಮ್ಮ. ಇಲ್ಲೂ ದೀಪ ಹಚ್ಚಿರ್ತೀನಿ."

ಸಂಜೆ ದುಂಡವ್ವ ಆಟೋ ಇಳಿದಳು. ಮನೆಯ ದೀಪ ನೋಡಿಕೊಳ್ಳಲು ಯಲ್ಲಮ್ಮನನ್ನು ಕೂರಿಸಿ ಬಂದಿದ್ದಳು. ರಾಯರಿಗೆ ಕೈಮುಗಿದು, ಕುರ್ಚಿ ಬೇಡವೆಂದು ಕೆಂಪು ಗಾರೆಯ ನೆಲದ ಮೇಲೆ ದೀಪದ ಎದುರು ಕೂತಳು. ಪಟ್ಟಿ ಕಟ್ಟಿದ ಕಣ್ಣಿನ ರಾಯರು ಓದುವಂತಿರಲಿಲ್ಲ, ಮಧುಮತಿಯೇ ಓದಬೇಕಾಯಿತು. ಮರದ ಪೀಠದ ಮೇಲಿಟ್ಟ ಆ ಪುಸ್ತಕದಲ್ಲಿ ದಪ್ಪ ಕನ್ನಡ ಅಕ್ಷರಗಳನ್ನು ಕಂಡು ಅವಳು ಪುಸ್ತಕದ ಮೇಲೆ ಬಾಗಿದಳು. ಇಷ್ಟು ದಿನ ಓದಿದ್ದನ್ನು ಅದರದ್ದೇ ಅಕ್ಷರದಲ್ಲಿ ನೋಡಿದ್ದು ಅವಳಿಗೆ ಅದೇ ಮೊದಲು.

ಅವಳು ಓದಿದಳು. ಪಾಳೆಯದಲ್ಲಿ ತಾಯಿ ಮಗನಿಗಾಗಿ ಅಡುಗೆ ಮಾಡಿಸಿ ಕಾಯುತ್ತಿದ್ದಾಳೆ. ಸುದ್ದಿ ತಂದವನು ಹೇಳಲಾರದೆ ನಿಂತಿದ್ದಾನೆ. ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಅವಳು ನೆಲಕ್ಕೆ ಬಿದ್ದು ಒಂದೊಂದೇ ಕೇಳತೊಡಗಿದಳು, ಅವನ ತಲೆಯನ್ನು ಯಾರು ತೊಡೆಯ ಮೇಲಿಟ್ಟುಕೊಂಡರು, ಕಣ್ಣು ಯಾರು ಮುಚ್ಚಿದರು ಎಂದು. ಕಠಿಣ ಶಬ್ದ ಬಂದಲ್ಲಿ ರಾಯರು ಮೆಲ್ಲಗೆ ಅರ್ಥ ಹೇಳುತ್ತಿದ್ದರು.

"ನೀರ ಕೊಟ್ರೇನು ಅವಗ?" ಎಂದಳು ದುಂಡವ್ವ.

ಪುರಾಣದ ನಡುವೆ ಕೇಳುಗರು ಕೇಳುವ ದನಿಯಲ್ಲೇ ಕೇಳಿದಳು. ರಾಯರು ಹಾಗೆಯೇ ತಿಳಿದು, "ಅದನ್ನ ಕವಿ ಹೇಳಿಲ್ಲ ತಾಯಿ..." ಎಂದು ಶುರು ಮಾಡಿದರು. ಮಧುಮತಿ ಅತ್ತೆಯ ಮುಖ ನೋಡಿದಳು. ದುಂಡವ್ವ ಪುಸ್ತಕವನ್ನು ನೋಡುತ್ತಿರಲಿಲ್ಲ, ರಾಯರನ್ನೂ ನೋಡುತ್ತಿರಲಿಲ್ಲ, ಸೊಸೆಯನ್ನೇ ನೋಡುತ್ತಿದ್ದಳು.

ಕೇಳಿದ್ದಕ್ಕೆ ಉತ್ತರ ಹೇಳದೆ ಓದುವವರು ಮುಂದೆ ಹೋಗುವಂತಿಲ್ಲ.

"ಕೊಟ್ಟೀನ್ರಿ ಅತ್ತಿ," ಎಂದಳು ಮಧುಮತಿ. "ನಾನ ಕೊಟ್ಟೀನಿ."

ಒಮ್ಮೆ ಬಾಯಿ ಬಿಟ್ಟ ಮೇಲೆ ಅವಳಿಗೆ ತಡೆಯಲಾಗಲಿಲ್ಲ. "ಕೊಡಬ್ಯಾಡ ಅಂದಿದ್ರು. ನರ್ಸು ಹೇಳಿ ಹೋಗಿದ್ಲು. ಅವರು ಕೇಳಿದ್ರು, ಮತ್ತ ಕೇಳಿದ್ರು. ನನಗ ನೋಡಾಕ ಆಗಲಿಲ್ಲ. ಚಮಚೆಲೆ ಕೊಟ್ಟೆ. ಆಮ್ಯಾಲ ಉಸರು ಕೆಟ್ಟಿತು. ನಾ ಕೊಟ್ಟ ನೀರಿನಿಂದನ ಹಂಗಾತೋ ಏನೋ, ನನಗ ಗೊತ್ತಿಲ್ರಿ. ಯಾರ ಮುಂದೂ ಹೇಳಿಲ್ಲ. ನಿಮ್ಮ ಮುಂದ ಹೇಳಾಕ ಅಂಜಿಕಿ ಬಂತು."

ಗೋವಿಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

"ಕುಡದನ?" ಎಂದಳು ದುಂಡವ್ವ.

"ಕುಡದ್ರು."

"ಗಂಟಲಾಗ ಇಳೀತ?"

"ಇಳೀತ್ರಿ. ಕಣ್ಣ ತಗದು ನನ್ನ ನೋಡಿದ್ರು. ಅವ್ವ ಹೊಂಟಾಳೇನು ಅಂತ ಕೇಳಿದ್ರು. ಹೊಂಟಾರ, ಬಸ್ಸಿನ್ಯಾಗ ಅದಾರ ಅಂತ ಹೇಳಿದೆ."

ದುಂಡವ್ವ ಕೂತಲ್ಲಿಂದಲೇ ಸರಿದು ಬಂದಳು. ರೊಟ್ಟಿ ಬಡಿದು ಒರಟಾದ ಎರಡೂ ಅಂಗೈಯಲ್ಲಿ ಸೊಸೆಯ ಮುಖ ಹಿಡಿದುಕೊಂಡಳು.

"ಎರಡು ವರ್ಷ ಆತವಾ, ಇದೊಂದು ಮಾತು ಕೇಳಬೇಕಂತ. ಬಾಯೇ ಬರಲಿಲ್ಲ. ನನ್ನ ಮಗ ನೀರಡಿಸಿ ಹೋದ ಅಂತ ತಿಳಕೊಂಡಿದ್ದೆ. ಒಂದ ಗುಟುಕು ನೀರ ಗಂಟಲಾಗ ಇಳಿವಲ್ಲದು ನನಗ, ಅವ ನೆನಪಾಗಿ. ನೀ ಹಾಕೀದಿ. ನಾ ಹಾಕಬೇಕಾಗಿತ್ತು, ನೀ ಹಾಕೀದಿ. ಅವ ಹೋಗೂದು ಬರದಿತ್ತು, ಹೋದ. ನೀರ ಕುಡದು ಹೋದ."

ಆಮೇಲೆ ಅವಳು ಅತ್ತಳು. ಅವಳ ಊರಿನ ಹೆಂಗಸರು ಅಳುವ ಹಾಗೆ, ಮಗನ ಹೆಸರು ಹಿಡಿದು, ಅವನ ಬಾಲ್ಯದಿಂದ ಒಂದೊಂದೇ ಹೇಳಿಕೊಂಡು, ದನಿ ತೆಗೆದು ಅತ್ತಳು. ಮಧುಮತಿ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತಳು. ಗುರುಸಿದ್ದ ಸತ್ತ ಮೇಲೆ ಅವನಿಗಾಗಿ ಅವರಿಬ್ಬರೂ ಒಟ್ಟಿಗೆ ಅತ್ತದ್ದು ಅವತ್ತೇ ಮೊದಲು, ಗುರುತಿಲ್ಲದವರ ಮನೆಯಲ್ಲಿ. "ರೀ, ಕಣ್ಣಲ್ಲಿ ನೀರು ತರಿಸ್ಕೋಬಾರದು ಅಂದಿದಾರೆ ಡಾಕ್ಟ್ರು," ಎಂದು ಗೋವಿಂದಮ್ಮ ಗಂಡನನ್ನು ಗದರಿಸಿದರು. ಅವರ ಮಾತನ್ನು ರಾಯರು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಅಳು ತಾನಾಗಿ ಕಡಿಮೆಯಾದ ಮೇಲೆ ದುಂಡವ್ವ ಸೆರಗಿನಿಂದ ಮೂಗೊರೆಸಿಕೊಂಡು, "ಓದು, ಇನ್ನ ಹಿರ್ಯಾರು ಬರಬೇಕಲ್ಲ," ಎಂದಳು. ಮಧುಮತಿ ಓದಿದಳು. ಹಿರಿಯರು ಬಂದು ಆ ತಾಯಿಯನ್ನು ಎಬ್ಬಿಸಿ ಕೂರಿಸಿ ಸಮಾಧಾನ ಹೇಳಿದರು. ಕವಿ ಅವರ ಬಾಯಲ್ಲಿ ದೊಡ್ಡ ದೊಡ್ಡ ಮಾತು ಹಾಕಿದ್ದ. ಆ ಮಾತುಗಳಿಂದ ದುಂಡವ್ವನಿಗೆ ಸಮಾಧಾನ ಆಯಿತೆಂದು ಹೇಳಲಾರೆ. ಆಗಬೇಕಾದ ಸಮಾಧಾನ ಅದಕ್ಕೆ ಮೊದಲೇ ಆಗಿತ್ತು. ಆದರೂ ಅವಳು ಕೊನೆಯ ಅಕ್ಷರದವರೆಗೂ ಕೇಳಿ, ಪುಸ್ತಕಕ್ಕೆ ಹಣೆ ಮುಟ್ಟಿಸಿ ಎದ್ದಳು. ಮನೆಗೆ ಬಂದು ದೀಪಕ್ಕೆ ಮತ್ತೆ ಎಣ್ಣೆ ಹಾಕಲಿಲ್ಲ. ಅದು ತಾನಾಗಿಯೇ ಆರಿತು. ಮಧುಮತಿ ಕಿಟಕಿ ತೆರೆದು ಫ್ಯಾನ್ ಹಾಕಿದಳು.

ಅಂದಿನಿಂದ ಭಾನುವಾರಗಳಂದು ತ್ಯಾಗರಾಜನಗರಕ್ಕೆ ಹೋಗಿ ರಾಯರ ಕಂಪ್ಯೂಟರಿನಲ್ಲಿ ಪದ್ಯ ಟೈಪು ಮಾಡುವ ಕೆಲಸ ಮಧುಮತಿಯದ್ದಾಯಿತು. ರಾಯರ ಕಣ್ಣು ಸರಿಹೋದ ಮೇಲೂ ಅವಳೇ ಮಾಡಿದಳು. ಈಗ ಗುಂಪಿಗೆ ಒಂದು ವಾರ ಇಪ್ಪತ್ತು ಪದ್ಯ ಹೋದರೆ ಇನ್ನೊಂದು ವಾರ ಐವತ್ತು ಹೋಗುತ್ತಿದ್ದವು. ಹೊರದೇಶದ ಒಬ್ಬ ಸದಸ್ಯ, ಶಿಸ್ತಿಲ್ಲದೆ ಹೀಗೆ ಕಳಿಸಿದರೆ ಓದುವುದು ಹೇಗೆ ಎಂದು ಖಾರವಾಗಿ ಬರೆದ. ಮಧುಮತಿ ಅವನಿಗೆ ಒಂದೇ ಸಾಲಿನ ಉತ್ತರ ಕಳಿಸಿದಳು: ಅದಕ್ಕಿಂತ ಮೊದಲು ನಿಲ್ಲಿಸುವ ಹಾಗಿರಲಿಲ್ಲ.

ಮನೆಯಲ್ಲಿ ಶನಿವಾರ ಮಾತ್ರವಲ್ಲ, ದಿನವೂ ಮಾತಿತ್ತು. ಗುರುಸಿದ್ದನ ಬಗ್ಗೆಯೇ ಇತ್ತು. ಅವನು ಸೈಕಲ್ಲಿನಿಂದ ಬಾವಿಕಟ್ಟೆಗೆ ಬಿದ್ದದ್ದು, ಮದುವೆಯ ದಿನ ಚಪ್ಪಲಿ ಕಳೆದುಕೊಂಡದ್ದು. ಇಷ್ಟೆಲ್ಲ ಆದರೂ ಕಾವ್ಯ ಕರಗುತ್ತ ಬಂತು. ದೀಪಾವಳಿ ಕಳೆದ ಮೇಲೆ ಭೀಮರಾಯ ಫೋನು ಮಾಡಿ, "ಅವ್ವನ ಯಾವಾಗ ಕಳಸ್ತಿ?" ಎಂದ. ಪುರಾಣ ಮುಗಿದ ಮೇಲೆ ಎಂದದ್ದು ದುಂಡವ್ವನೇ. ಆ ಮಾತನ್ನು ಅವಳು ಹಿಂದೆ ತೆಗೆದುಕೊಳ್ಳಲಿಲ್ಲ, ಇರಿ ಎನ್ನಲು ಮಧುಮತಿಗೆ ಬಾಯಿ ಬರಲಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಂದು ಮುದಿ ಜೀವವನ್ನು ತನ್ನ ಸುಖಕ್ಕೆ ಕಟ್ಟಿಹಾಕುವುದು ಯಾವ ನ್ಯಾಯ? ಅವಳೇ ಹೋಗಿ ಗದಗಿನ ಬಸ್ಸಿಗೆ ಟಿಕೀಟು ಮಾಡಿಸಿ ತಂದಳು.

ಕೊನೆಯ ಕಂತನ್ನು ಟೈಪು ಮಾಡಿದ ದಿನ ರಾಯರು, "ಮುಗಿದ ಮೇಲೆ ಕೆಳಗೆ ಮೊದಲನೇ ಪದ್ಯ ಇನ್ನೊಂದ್ಸಲ ಹಾಕಮ್ಮ. ನಮ್ಮಪ್ಪ ಹಾಗೇ ಮಾಡ್ತಿದ್ರು. ಪೂರ್ತಿ ಮುಗಿಸಿ ಇಡಬಾರದಂತೆ," ಎಂದರು. ಅವಳು ಹಾಕಿದಳು, ಮನಸ್ಸು ಎಲ್ಲೋ ಇತ್ತು.

ಶನಿವಾರ ಸಂಜೆ ದುಂಡವ್ವ ದೀಪ ಹಚ್ಚಿ ಕೂತಳು. ಅವಳ ಸೀರೆಗಳನ್ನೆಲ್ಲ ತುಂಬಿದ ಚೀಲ ಬಾಗಿಲ ಪಕ್ಕದಲ್ಲಿತ್ತು. ಬಸ್ಸು ಮಾರನೆಯ ಸಂಜೆ. ಮಧುಮತಿ ಆದಷ್ಟು ನಿಧಾನವಾಗಿ ಓದಿದಳು. ಎಷ್ಟು ಎಳೆದು ಓದಿದರೂ ಕೊನೆಯ ಪದ್ಯ ಬಂತು. ಅದನ್ನೂ ಓದಿ, ಅದರ ಕೆಳಗಿದ್ದ ಮೊದಲನೆಯ ಪದ್ಯವನ್ನು ಓದಿದಳು. ಈ ಮನೆಯಲ್ಲಿ ಅವಳು ಗಟ್ಟಿಯಾಗಿ ಓದಿದ್ದ ಮೊದಲ ಪದ್ಯ ಅದೇ. ದುಂಡವ್ವ ಹಿಟ್ಟಿನ ಕೈಯಲ್ಲಿ ಹೊರಗೆ ಬಂದದ್ದು ಅದನ್ನು ಕೇಳಿಯೇ.

ಹಾಳೆ ಮಡಿಸಿ ಮಧುಮತಿ ತಲೆ ತಗ್ಗಿಸಿ ಕೂತಳು. ದುಂಡವ್ವ ಏಳಲಿಲ್ಲ. ದೀಪವನ್ನು ಆರಿಸಲೂ ಇಲ್ಲ.

"ಮೊದಲನೇ ಪದ ಅಂದುಬಿಟ್ಟೆಲ್ಲ," ಎಂದಳು.

"ಹೂಂರಿ ಅತ್ತಿ. ಮುಗಿಸಿ ಇಡಬಾರದಂತ."

"ನನಗ ಗೊತ್ತಿಲ್ಲೇನು? ನಮ್ಮಲ್ಲೂ ಹಂಗ." ದುಂಡವ್ವ ಬಾಗಿಲ ಪಕ್ಕದ ಚೀಲವನ್ನು ನೋಡಿದಳು, ದೀಪವನ್ನು ನೋಡಿದಳು, ಆಮೇಲೆ ಕೈ ಚಾಚಿ ಎಣ್ಣೆಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. "ಸುರು ಮಾಡಿದ ಮ್ಯಾಲ ನಡುವ ಎದ್ದು ಹೋಗಾಕ ಬರ್ತೈತೇನು? ನಾಳೆ ಆ ಟಿಕೀಟ ತಿರುಗಿ ಕೊಟ್ಟ ಬಾ. ಈಗ ಎರಡನೇ ಪದ ಓದು."

ಮಧುಮತಿ ಕಪಾಟಿನ ಮೇಲಿಂದ ಹಳೆಯ ಹಾಳೆಗಳ ಕಟ್ಟು ಇಳಿಸಿ ಬಿಚ್ಚಿದಳು.